ಮುಳ್ಳಿನ ತುದಿಯ ವಿದ್ಯುತ್ತು: ಸೆರಾಮಿಕ್ ಕಾರ್ಟ್ರಿಜ್ಜಿನ ಕಥೆ

(ಬಳಗದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಹೀತ್ರೂ ವಿಮಾನ ನಿಲ್ದಾಣದ ನೆರೆಯಲ್ಲಿರುವ ಹೇಯ್ಸ್ ಎಂಬ ಊರನ್ನು ತಾವೆಲ್ಲರೂ ಬಲ್ಲಿರಿ. ನಾಯಿಯ ಚಿತ್ರದ ಎಚ್.ಎಂ.ವಿ. ಮುದ್ರೆಯಿಂದ ಲೋಕಪ್ರಸಿದ್ಧವಾದ ಗ್ರಾಮಾಫೋನ್ ಕಂಪನಿಯ ಕಾರ್ಖಾನೆಗೆ 1907ರಲ್ಲಿ ಅಡಿಗಲ್ಲು ಬಿದ್ದದ್ದು ಅಲ್ಲಿಯೇ. ಈ ಕಂಪನಿಯ ಮುದ್ರೆಯಡಿಯಲ್ಲಿ ಕನ್ನಡ ನಾಡಿನ ಕಂಠಗಳೂ ತಟ್ಟೆಗಿಳಿದವು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಯುವಕ ಮಲ್ಲಿಕಾರ್ಜುನ ಮನ್ಸೂರರೂ ಅದೇ ಮುದ್ರೆಗೆ ಹಾಡಿದರು. ಆ ತಟ್ಟೆಗಳ ಅರಗು ಕೂಡ ಬಹುಮಟ್ಟಿಗೆ ಭಾರತದ ಕಾಡುಗಳದ್ದೇ.

ಆದರೆ ತಟ್ಟೆಯಲ್ಲಿರುವುದು ಗೀರು ಮಾತ್ರ. ಆ ಗೀರನ್ನು ಮರಳಿ ನಾದವಾಗಿಸುವ ಪುಟ್ಟ ಸಾಧನವೇ ಕಾರ್ಟ್ರಿಜ್. ಇಂದು ನಾನು ಹೇಳಹೊರಟಿರುವುದು ಅದರ ಚರಿತ್ರೆಯನ್ನು.

1880ರಲ್ಲಿ ಫ್ರಾನ್ಸಿನ ಸೋದರರಾದ ಜಾಕ್ ಮತ್ತು ಪಿಯರ್ ಕ್ಯೂರಿ ಒಂದು ವಿಚಿತ್ರವನ್ನು ಕಂಡರು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಮೂಡುತ್ತಿತ್ತು. ಗ್ರೀಕ್ ಭಾಷೆಯ ‘ಒತ್ತು’ ಎಂಬ ಪದದಿಂದ ಇದಕ್ಕೆ ಪೀಜೋ ವಿದ್ಯುತ್ ಎಂಬ ಹೆಸರಾಯಿತು. ಅವರು ಪರೀಕ್ಷಿಸಿದ ಹರಳುಗಳಲ್ಲಿ ರೊಶೆಲ್ ಲವಣವೂ ಒಂದು. 1930ರ ದಶಕದಲ್ಲಿ ಈ ಲವಣದ ತುಣುಕನ್ನು ಮುಳ್ಳಿಗೆ ಜೋಡಿಸಿದ ಕ್ರಿಸ್ಟಲ್ ಪಿಕಪ್ಪುಗಳು ಮಾರುಕಟ್ಟೆಗೆ ಬಂದವು. ಗೀರು ಮುಳ್ಳನ್ನು ಅಲುಗಿಸುತ್ತದೆ, ಮುಳ್ಳು ಹರಳನ್ನು ಬಾಗಿಸುತ್ತದೆ, ಹರಳು ವಿದ್ಯುತ್ತನ್ನು ಕೊಡುತ್ತದೆ, ತತ್ತ್ವ ಇಷ್ಟೇ.

ಆದರೆ ಅದು ಉಪ್ಪಿನ ಜಾತಿ. ತೇವದಲ್ಲಿ ಕರಗುತ್ತದೆ; ಸುಮಾರು 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಟ್ಟುಹೋಗುತ್ತದೆ. ಮಂಗಳೂರಿನ ಮಳೆಗಾಲವನ್ನೂ ರಾಯಚೂರಿನ ಬೇಸಗೆಯನ್ನೂ ನೆನೆದರೆ, ಅದು ನಮ್ಮ ನಾಡಿಗೆ ಎಷ್ಟು ಒಗ್ಗದ ವಸ್ತುವೆಂಬುದು ಸ್ಪಷ್ಟ.

ಈ ಕೊರತೆಯನ್ನು ನೀಗಿದ್ದು ಕುಂಬಾರನ ಆವಿಗೆಯ ವಿದ್ಯೆಗೆ ಸಮೀಪದ ಒಂದು ವಿದ್ಯೆ. 1940ರ ದಶಕದಲ್ಲಿ, ಮಹಾಯುದ್ಧದ ವರ್ಷಗಳಲ್ಲಿ, ಬೇರಿಯಂ ಟೈಟನೇಟ್ ಎಂಬ ವಸ್ತುವಿನ ವಿಶೇಷ ವಿದ್ಯುತ್ ಗುಣಗಳು ತಿಳಿದುಬಂದವು. ಅದರ ಪುಡಿಯನ್ನು ಅಚ್ಚೊತ್ತಿ ಸುಟ್ಟು, ಬಲವಾದ ವಿದ್ಯುತ್ ಒತ್ತಡಕ್ಕೆ ಒಳಪಡಿಸಿದರೆ, ಅದೂ ಹರಳಿನಂತೆಯೇ ವರ್ತಿಸುತ್ತಿತ್ತು. 1954ರ ವೇಳೆಗೆ ಅಮೆರಿಕದಲ್ಲಿ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಇನ್ನೂ ಸಮರ್ಥವಾದ ಮಿಶ್ರಣ ಸಿದ್ಧವಾಯಿತು. ಈ ಸೆರಾಮಿಕ್ ಮಳೆಗೂ ಬಿಸಿಲಿಗೂ ಸುಲಭವಾಗಿ ಜಗ್ಗಲಿಲ್ಲ.

ಲಂಡನ್ ಮಹಾನಗರ ಈ ಉದ್ಯಮದ ಒಂದು ತವರು. ಬಾರ್ಕಿಂಗ್‌ನಲ್ಲಿ ಕೊಲ್ಲಾರೋ, ಲೇಟನ್‌ಸ್ಟೋನ್‌ನಲ್ಲಿ ಗೋಲ್ಡ್‌ರಿಂಗ್, ನಗರದ ಉತ್ತರದ ಅಂಚಿನಾಚೆ ವಾಲ್ಥಂ ಕ್ರಾಸ್‌ನಲ್ಲಿ ಆಕೋಸ್ ಮುದ್ರೆಯ ಕಾಸ್ಮೋಕಾರ್ಡ್ ಸಂಸ್ಥೆಗಳು ದುಡಿದವು. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಧ್ವನಿಗಳನ್ನು ಬರೆಯುವ ಸ್ಟೀರಿಯೋ ವಿಧಾನಕ್ಕೆ 1931ರಲ್ಲಿ ಹಕ್ಕುಪತ್ರ ಕೋರಿದ ಅಲನ್ ಬ್ಲಮ್‌ಲೈನ್ ಕೂಡ ಹೇಯ್ಸ್‌ನ ಇ.ಎಂ.ಐ. ಸಂಸ್ಥೆಯವರೇ. 1958ರಲ್ಲಿ ಅಂಥ ತಟ್ಟೆಗಳು ಇಲ್ಲಿನ ಅಂಗಡಿಗೆ ಬಂದಾಗ, ಕಾರ್ಟ್ರಿಜ್ಜಿನೊಳಗೆ ಎರಡು ಸೆರಾಮಿಕ್ ಪಟ್ಟಿಗಳು ಸೇರಿಕೊಂಡವು.

ಸೆರಾಮಿಕ್ಕಿನ ನಿಜವಾದ ಹಿರಿಮೆ ಅದರ ಅಗ್ಗದಲ್ಲಿದೆ. ಆಯಸ್ಕಾಂತದ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಸೆರಾಮಿಕ್ ನೂರಾರು ಮಿಲಿವೋಲ್ಟ್ ಕೊಡಬಲ್ಲದು. ಆದ್ದರಿಂದ ಒಂದೆರಡು ವಾಲ್ವುಗಳ ಸರಳ ಯಂತ್ರವೇ ಸಾಕಾಗಿ, ಸಂಗೀತವು ಸಾಮಾನ್ಯರ ಮನೆಯನ್ನು ಪ್ರವೇಶಿಸಿತು. 1960ರ ದಶಕದಲ್ಲಿ ಈ ನಗರಕ್ಕೆ ಬಂದ ನಮ್ಮ ಹಿರಿಯರು ಕಂಡ ರೇಡಿಯೋಗ್ರಾಮುಗಳಲ್ಲಿ ಅನೇಕವು ಈ ಬಗೆಯವು. ಇದಕ್ಕೊಂದು ಬೆಲೆಯೂ ಇತ್ತು: ಉತ್ತಮ ಆಯಸ್ಕಾಂತದ ಮುಳ್ಳು ತಟ್ಟೆಯ ಮೇಲೆ ಸುಮಾರು ಎರಡು ಗ್ರಾಂ ಭಾರ ಹಾಕಿದರೆ, ಸಾಮಾನ್ಯ ಸೆರಾಮಿಕ್ ಮುಳ್ಳು ಐದಾರು ಗ್ರಾಂ ಹಾಕುತ್ತಿತ್ತು.

ಹಳೆಯ ಯಂತ್ರ ಮೂಕವಾದರೆ ಅದನ್ನು ಎಸೆಯುವ ಆತುರ ಬೇಡ. ಅನೇಕ ವೇಳೆ ಸೆರಾಮಿಕ್ ಪಟ್ಟಿ ಗಟ್ಟಿಯಾಗಿಯೇ ಇರುತ್ತದೆ. ಮುಳ್ಳಿನ ಅಲುಗಾಟವನ್ನು ಅದಕ್ಕೆ ಮುಟ್ಟಿಸುವ ರಬ್ಬರು ಗಡುಸಾಗಿರುತ್ತದೆ ಅಥವಾ ಕರಗಿ ಅಂಟಾಗಿರುತ್ತದೆ. ಕೈಚಳಕವುಳ್ಳವರು ಆ ರಬ್ಬರನ್ನು ಬದಲಿಸಿ ಜೀವ ತುಂಬುತ್ತಾರೆ. ಇನ್ನು ಕೆಲವರು ಅಲಾರಮ್ಮುಗಳಲ್ಲಿ ಕಿರುಗುಟ್ಟುವ ಹಿತ್ತಾಳೆಯ ಬಿಲ್ಲೆಗೆ ಮುಳ್ಳು ಅಂಟಿಸಿ ಹೊಸ ಪಿಕಪ್ ಕಟ್ಟುತ್ತಾರೆ. ಮಕ್ಕಳಿಗೆ ತತ್ತ್ವ ತೋರಿಸಲು ಇದು ಸೊಗಸು. ಆದರೆ ಬಿಲ್ಲೆಯ ಸೆರಾಮಿಕ್ಕಿನಲ್ಲಿ ಸೀಸವಿರುವುದರಿಂದ ಅದನ್ನು ಉಜ್ಜಿ ಪುಡಿಮಾಡಬಾರದು, ಅಂಥ ಒರಟು ಪಿಕಪ್ಪನ್ನು ಬೆಲೆಬಾಳುವ ತಟ್ಟೆಯ ಮೇಲೆ ಇಡಲೂಬಾರದು. ಸೆರಾಮಿಕ್ ಕಾರ್ಟ್ರಿಜ್ಜನ್ನು ಕಡಿಮೆ ರೋಧದ ಸಾಮಾನ್ಯ ರಂಧ್ರಕ್ಕೆ ಸಿಕ್ಕಿಸಿದರೆ ಮಂದ್ರದ ಸ್ವರಗಳು ಸೊರಗುತ್ತವೆ. ಅದಕ್ಕೆ ಹತ್ತು ಲಕ್ಷ ಓಮ್‌ನಷ್ಟು ಹೆಚ್ಚಿನ ರೋಧವುಳ್ಳ ಯಂತ್ರ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮುಳ್ಳು. 78 ಸುತ್ತಿನ ತಟ್ಟೆಯ ಗೀರು ಎಲ್.ಪಿ.ಯ ಗೀರಿಗಿಂತ ಎರಡು ಮೂರು ಪಟ್ಟು ಅಗಲ. ಎಲ್.ಪಿ.ಯ ಸಣ್ಣ ಮುಳ್ಳು ಅದರ ತಳದಲ್ಲಿ ಕೆರೆಯುತ್ತದೆ. ಸವೆದ ಮುಳ್ಳಂತೂ ಹಾಡನ್ನೇ ಉತ್ತುಹಾಕುತ್ತದೆ. ಕಾರ್ಟ್ರಿಜ್ ಇನ್ನೊಂದು ಸಿಕ್ಕೀತು, ಆದರೆ ಅಳಿಸಿಹೋದ ಗೀರು ಮರಳಿ ಬಾರದು.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ತಂದೆತಾಯಿಯರು ತಂದ ಕನ್ನಡದ ತಟ್ಟೆಗಳಿದ್ದರೆ, ಸರಿಯಾದ ಮುಳ್ಳಿನಿಂದ ಒಮ್ಮೆ ನುಡಿಸಿ ಅವನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳಿರಿ. ಮಕ್ಕಳನ್ನೂ ಬಳಿಯಲ್ಲಿ ಕೂರಿಸಿಕೊಳ್ಳಿರಿ. ಹಾಡಿದವರ ಹೆಸರನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ.