ಪಾಲ್ ಸಾರ್ಬೇನ್ಸ್ ಮತ್ತು ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಲೆಕ್ಕಪತ್ರಕ್ಕೆ ಯಾರು ಹೊಣೆ? ಅದನ್ನು ಪರಿಶೋಧಿಸುವವರ ಕೆಲಸವನ್ನು ಪರಿಶೋಧಿಸುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಅಮೆರಿಕದ ಸಂಸತ್ತು 2002ರಲ್ಲಿ ಕೊಟ್ಟ ಉತ್ತರ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ. ಆ ವರ್ಷದ ಜುಲೈ 30ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇದಕ್ಕೆ ಸಹಿ ಹಾಕಿದರು. ಮೇರಿಲ್ಯಾಂಡ್ ರಾಜ್ಯದ ಡೆಮಾಕ್ರಟಿಕ್ ಸೆನೆಟರ್ ಪಾಲ್ ಸಾರ್ಬೇನ್ಸ್ ಮತ್ತು ಓಹಾಯೊ ರಾಜ್ಯದ ರಿಪಬ್ಲಿಕನ್ ಪ್ರತಿನಿಧಿ ಮೈಕೆಲ್ ಆಕ್ಸ್‌ಲಿ, ಇಬ್ಬರ ಹೆಸರೂ ಕಾಯ್ದೆಗೆ ಅಂಟಿಕೊಂಡಿದೆ. ಆದರೂ ಅದರ ಬೆನ್ನೆಲುಬು ಸೆನೆಟ್‌ನಲ್ಲಿ ಸಾರ್ಬೇನ್ಸ್ ಸಿದ್ಧಪಡಿಸಿದ ಮಸೂದೆಯೇ. 1933 ಮತ್ತು 1934ರ ಷೇರುಪೇಟೆ ಕಾಯ್ದೆಗಳ ನಂತರ ಅಮೆರಿಕದ ಕಂಪನಿ ಜಗತ್ತನ್ನು ಇಷ್ಟು ಆಳವಾಗಿ ತಟ್ಟಿದ ಕಾನೂನು ಇನ್ನೊಂದಿರಲಿಲ್ಲ.

ಸಾರ್ಬೇನ್ಸ್ ಹುಟ್ಟಿದ್ದು 1933ರ ಫೆಬ್ರುವರಿ 3ರಂದು, ಮೇರಿಲ್ಯಾಂಡಿನ ಪೂರ್ವ ಕರಾವಳಿಯ ಸಾಲಿಸ್‌ಬರಿ ಎಂಬ ಊರಿನಲ್ಲಿ. ತಂದೆ ತಾಯಿ ಗ್ರೀಸಿನಿಂದ ವಲಸೆ ಬಂದವರು. ಊರಿನಲ್ಲಿ ಒಂದು ಹೋಟೆಲು ನಡೆಸುತ್ತಿದ್ದರು. ಹೋಟೆಲಿನ ಹುಡುಗ ವಿದ್ಯಾರ್ಥಿವೇತನದ ಬಲದಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿ 1954ರಲ್ಲಿ ಪದವಿ ಪಡೆದ. ಅಲ್ಲಿಂದ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿಗೆ ಹೋದ. 1960ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ ಬಂತು. ಕೆನಡಿ ಆಡಳಿತದಲ್ಲಿ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷ ವಾಲ್ಟರ್ ಹೆಲರ್ ಅವರ ಸಹಾಯಕನಾಗಿ ದುಡಿದದ್ದು ಮುಂದಿನ ಬದುಕಿಗೆ ಬುನಾದಿಯಾಯಿತು. ಅಂಕಿಅಂಶಗಳ ಮೇಲಿನ ಪ್ರೀತಿಯೂ, ಓದದೆ ಮಾತಾಡಬಾರದೆಂಬ ಹಟವೂ ಅವರಲ್ಲಿ ಕೊನೆಯವರೆಗೆ ಉಳಿದವು.

1967ರಲ್ಲಿ ಮೇರಿಲ್ಯಾಂಡ್ ಶಾಸನಸಭೆಗೆ ಬಂದ ಸಾರ್ಬೇನ್ಸ್, 1970ರಲ್ಲಿ ತಮ್ಮದೇ ಪಕ್ಷದ ಹಿರಿಯ ಸಂಸದ ಜಾರ್ಜ್ ಫ್ಯಾಲನ್ ಅವರನ್ನು ಪಕ್ಷದೊಳಗಿನ ಚುನಾವಣೆಯಲ್ಲೇ ಸೋಲಿಸಿ ವಾಷಿಂಗ್ಟನ್ ತಲುಪಿದರು. ಮೂರೇ ವರ್ಷಗಳಲ್ಲಿ ವಾಟರ್‌ಗೇಟ್ ಹಗರಣ ದೇಶವನ್ನು ಆವರಿಸಿತು. 1974ರ ಜುಲೈನಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಮುಂದೆ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿರುದ್ಧದ ವಾಗ್ದಂಡನೆಯ ಮೊದಲ ಆರೋಪವನ್ನು ಮಂಡಿಸಿದವರು ನಲವತ್ತೊಂದು ವರ್ಷದ ಈ ಹೊಸ ಸದಸ್ಯರೇ. ನ್ಯಾಯದಾನಕ್ಕೆ ಅಡ್ಡಿಪಡಿಸಿದರೆಂಬ ಆ ಆರೋಪ 27–11 ಮತಗಳಿಂದ ಅಂಗೀಕಾರವಾಯಿತು. ಟಿವಿ ಕ್ಯಾಮೆರಾಗಳ ಎದುರು ಅವರು ದನಿ ಏರಿಸಲಿಲ್ಲ. ಆರೋಪದ ಒಂದೊಂದು ವಾಕ್ಯಕ್ಕೂ ಆಧಾರವೆಲ್ಲಿದೆ ಎಂದು ನಿಕ್ಸನ್ ಪರ ಸದಸ್ಯರು ಪಟ್ಟು ಹಿಡಿದಾಗ ತಾಳ್ಮೆಯಿಂದ ಉತ್ತರಿಸುತ್ತಾ ಹೋದರು.

1976ರಲ್ಲಿ ಸೆನೆಟ್‌ಗೆ ಆಯ್ಕೆಯಾದ ಅವರು 2007ರವರೆಗೆ, ಅಂದರೆ ಸತತ ಐದು ಅವಧಿ, ಅಲ್ಲೇ ಇದ್ದರು. 1978ರಲ್ಲಿ ಪನಾಮಾ ಕಾಲುವೆ ಒಪ್ಪಂದಗಳನ್ನು ಸದನದಲ್ಲಿ ದಾಟಿಸುವ ಹೊಣೆ ಹೊತ್ತರು, 1987ರಲ್ಲಿ ಇರಾನ್–ಕಾಂಟ್ರಾ ಹಗರಣದ ತನಿಖಾ ಸಮಿತಿಯಲ್ಲಿ ಕುಳಿತರು. 1982ರ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದವರು ಲಾರೆನ್ಸ್ ಹೋಗನ್. ನಿಕ್ಸನ್ ವಿಚಾರಣೆಯ ಸಮಿತಿಯಲ್ಲಿ ಸ್ವಪಕ್ಷದ ಅಧ್ಯಕ್ಷರ ವಿರುದ್ಧವೇ ಮತ ಹಾಕಿದ್ದ ರಿಪಬ್ಲಿಕನ್ ಸದಸ್ಯ ಅವರು. ಸಾರ್ಬೇನ್ಸ್ ಸುಲಭವಾಗಿ ಗೆದ್ದರು. ಪತ್ರಿಕಾಗೋಷ್ಠಿಗಳಿಂದ ದೂರ ಇರುತ್ತಿದ್ದ ಕಾರಣಕ್ಕೆ ಟೀಕಾಕಾರರು ಅವರನ್ನು ಕಣ್ಣಿಗೆ ಕಾಣದ ಸೆನೆಟರ್ ಎಂದು ಮೂದಲಿಸುತ್ತಿದ್ದರು. ಈ ಮೂದಲಿಕೆ ಅವರ ಕೆಲಸದ ರೀತಿಯನ್ನು ತಪ್ಪಾಗಿ ಓದಿತ್ತು. ಸಮಿತಿಯ ಕೊಠಡಿಯಲ್ಲಿ ಸಾಕ್ಷಿಗಳನ್ನು ಗಂಟೆಗಟ್ಟಲೆ ಕೇಳಿಸಿಕೊಂಡು ಮಸೂದೆಯ ಪ್ರತಿ ಸಾಲನ್ನೂ ತಿದ್ದುವ ಶಾಸಕನಿಗೆ ಸುದ್ದಿಯಲ್ಲಿ ಜಾಗ ಸಿಗುವುದು ಅಪರೂಪ. 2002ರಲ್ಲಿ ದೇಶಕ್ಕೆ ಬೇಕಾದದ್ದು ಅಂಥ ಶಾಸಕನೇ.

ಅವರಿಗೆ ಆ ಅವಕಾಶ ಒದಗಿದ್ದೂ ಒಂದು ಆಕಸ್ಮಿಕದಿಂದ. 2001ರಲ್ಲಿ ವರ್ಮಾಂಟಿನ ಸೆನೆಟರ್ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ತೊರೆದರು. ಅದರಿಂದ ಸೆನೆಟ್‌ನ ಬಹುಮತ ಕೈಬದಲಾಯಿತು, ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷತೆ ಟೆಕ್ಸಸ್‌ನ ಫಿಲ್ ಗ್ರಾಮ್ ಅವರಿಂದ ಸಾರ್ಬೇನ್ಸ್ ಅವರಿಗೆ ಬಂತು. ಕೆಲವೇ ತಿಂಗಳಲ್ಲಿ ಎನ್ರಾನ್ ಕುಸಿಯಿತು.

ಹ್ಯೂಸ್ಟನ್‌ನ ಇಂಧನ ಕಂಪನಿ ಎನ್ರಾನ್ ಆ ಹೊತ್ತಿಗೆ ಅಮೆರಿಕದ ಅತಿ ದೊಡ್ಡ ಕಂಪನಿಗಳ ಸಾಲಿನಲ್ಲಿತ್ತು. 2000ದ ಆಗಸ್ಟ್‌ನಲ್ಲಿ ಅದರ ಷೇರು 90 ಡಾಲರ್‌ವರೆಗೆ ಏರಿತ್ತು. ಸಾಲವನ್ನೂ ನಷ್ಟವನ್ನೂ ತಾನೇ ಹುಟ್ಟುಹಾಕಿದ ಪಾಲುದಾರಿಕೆ ಸಂಸ್ಥೆಗಳ ಲೆಕ್ಕಕ್ಕೆ ದಾಟಿಸಿ, ತನ್ನ ಲೆಕ್ಕದಲ್ಲಿ ಲಾಭವನ್ನಷ್ಟೇ ತೋರಿಸುವುದು ಅದರ ಕೈಚಳಕವಾಗಿತ್ತು. ಆ ಸಂಸ್ಥೆಗಳಲ್ಲಿ ಕೆಲವನ್ನು ನಡೆಸುತ್ತಿದ್ದವರು ಕಂಪನಿಯ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ. 2001ರ ಆಗಸ್ಟ್‌ನಲ್ಲಿ ಷೆರಾನ್ ವಾಟ್ಕಿನ್ಸ್ ಎಂಬ ಅಧಿಕಾರಿ ಅಧ್ಯಕ್ಷ ಕೆನೆತ್ ಲೇ ಅವರಿಗೆ ಪತ್ರ ಬರೆದು ಎಚ್ಚರಿಸಿದರು. ಅಕ್ಟೋಬರ್ 16ರಂದು ಕಂಪನಿ 61.8 ಕೋಟಿ ಡಾಲರ್ ನಷ್ಟ ಘೋಷಿಸಿತು. ಡಿಸೆಂಬರ್ 2ರಂದು ದಿವಾಳಿ ಅರ್ಜಿ ಸಲ್ಲಿಸಿತು. ನೌಕರರು ನಿವೃತ್ತಿ ನಿಧಿಯ ಹಣವನ್ನು ಬಹುಪಾಲು ಕಂಪನಿಯ ಷೇರಿನಲ್ಲೇ ಇಟ್ಟಿದ್ದರು. ಕೆಲಸ, ಉಳಿತಾಯ ಎರಡೂ ಒಟ್ಟಿಗೆ ಹೋದವು.

ಇಷ್ಟೆಲ್ಲ ನಡೆಯುತ್ತಿದ್ದಾಗ ಲೆಕ್ಕಪರಿಶೋಧಕರು ಎಲ್ಲಿದ್ದರು? ಎನ್ರಾನ್‌ನ ಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ ಜಗತ್ತಿನ ಐದು ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಒಂದಾಗಿತ್ತು. 2000ದಲ್ಲಿ ಅದು ಎನ್ರಾನ್‌ನಿಂದ ಪಡೆದ ಪರಿಶೋಧನಾ ಶುಲ್ಕ 2.5 ಕೋಟಿ ಡಾಲರ್. ಸಲಹೆ ಮತ್ತಿತರ ಸೇವೆಗಳಿಗೆ ಪಡೆದದ್ದು 2.7 ಕೋಟಿ ಡಾಲರ್. ಕಂಪನಿಗೆ ಸಲಹೆ ಕೊಟ್ಟವರೇ ಆ ಸಲಹೆಯ ಫಲವನ್ನು ತೂಗಿ ನೋಡಬೇಕಿತ್ತು, ತೂಗಿ ಬೇಡವೆಂದರೆ ಎನ್ರಾನ್‌ನಿಂದ ಬರುವ ಆದಾಯದ ಅರ್ಧಕ್ಕಿಂತ ಹೆಚ್ಚು ಕೈತಪ್ಪುತ್ತಿತ್ತು. ತನಿಖೆಯ ಸುಳಿವು ಸಿಕ್ಕಿದಾಗ ಆಂಡರ್ಸನ್‌ನ ಹ್ಯೂಸ್ಟನ್ ಕಚೇರಿಯಲ್ಲಿ ಎನ್ರಾನ್ ಕಾಗದಪತ್ರಗಳನ್ನು ಚೂರು ಮಾಡಲಾಯಿತು. ಲೆಕ್ಕಪರಿಶೋಧಕರ ಮೇಲೆ ನಿಗಾ ಇಡುವ ಕೆಲಸವನ್ನು ಅಲ್ಲಿಯವರೆಗೆ ಆ ವೃತ್ತಿಯವರೇ ನೋಡಿಕೊಳ್ಳುತ್ತಿದ್ದರು. ಒಂದು ಸಂಸ್ಥೆಯ ಕೆಲಸವನ್ನು ಇನ್ನೊಂದು ಸಂಸ್ಥೆ ಪರಿಶೀಲಿಸುವ ಪದ್ಧತಿ ಅದು. ಷೇರುಪೇಟೆ ನಿಯಂತ್ರಣ ಆಯೋಗದ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿಟ್ 2000ದಲ್ಲಿ ಪರಿಶೋಧನೆ ಮತ್ತು ಸಲಹಾ ಸೇವೆಗಳನ್ನು ಬೇರ್ಪಡಿಸಲು ಹೊರಟಾಗ ವೃತ್ತಿಯ ಲಾಬಿ ಬಲವಾಗಿ ಎದುರು ನಿಂತಿತ್ತು.

ಸಾರ್ಬೇನ್ಸ್ 2002ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹತ್ತು ವಿಚಾರಣೆಗಳನ್ನು ನಡೆಸಿದರು. ಎನ್ರಾನ್ ಅಧಿಕಾರಿಗಳನ್ನು ಕಟಕಟೆಗೆ ತರುವ ಆಟ ಬೇರೆ ಸಮಿತಿಗಳಲ್ಲಿ ನಡೆಯುತ್ತಿತ್ತು, ಟಿವಿಯೂ ಅಲ್ಲೇ ಇತ್ತು. ಇವರು ಕರೆಸಿದ್ದು ಆಯೋಗದ ಮಾಜಿ ಅಧ್ಯಕ್ಷರನ್ನು, ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಪಾಲ್ ವೋಲ್ಕರ್ ಅವರನ್ನು, ಪಿಂಚಣಿ ನಿಧಿಗಳನ್ನು ನಡೆಸುವವರನ್ನು, ಲೆಕ್ಕಶಾಸ್ತ್ರದ ತಜ್ಞರನ್ನು. ದೋಷ ಎಲ್ಲಿದೆ, ಅದಕ್ಕೆ ಮದ್ದೇನು ಎಂಬುದನ್ನೇ ಅವರು ಕೇಳುತ್ತಾ ಹೋದರು. ಸೆನೆಟ್‌ನಲ್ಲಿದ್ದ ಏಕೈಕ ಲೆಕ್ಕಪರಿಶೋಧಕ, ವಯೋಮಿಂಗ್‌ನ ರಿಪಬ್ಲಿಕನ್ ಮೈಕ್ ಎಂಜಿ ಅವರೊಂದಿಗೆ ಕುಳಿತು ಮಸೂದೆಯ ಅಂಶಗಳನ್ನು ಒಪ್ಪಂದಕ್ಕೆ ತಂದರು. ಅಷ್ಟರಲ್ಲಿ ಏಪ್ರಿಲ್ 24ರಂದು ಪ್ರತಿನಿಧಿ ಸಭೆ ಆಕ್ಸ್‌ಲಿ ಅವರ ಮಸೂದೆಯನ್ನು 334–90 ಮತಗಳಿಂದ ಅಂಗೀಕರಿಸಿತ್ತು. ಅದು ಸಾರ್ಬೇನ್ಸ್ ಮಸೂದೆಗಿಂತ ಬಹಳ ಮೆದು. ಜೂನ್ 18ರಂದು ಸೆನೆಟ್ ಸಮಿತಿ ಸಾರ್ಬೇನ್ಸ್ ಮಸೂದೆಗೆ 17–4 ಮತಗಳಿಂದ ಒಪ್ಪಿಗೆ ಕೊಟ್ಟಿತು. ಇಡೀ ಸದನದಲ್ಲಿ ಅದು ಪಾಸಾಗುವ ಭರವಸೆ ಆಗಿನ್ನೂ ಇರಲಿಲ್ಲ.

ಒಂದೇ ವಾರದಲ್ಲಿ ಗಾಳಿ ತಿರುಗಿತು. ಜೂನ್ 25ರಂದು ದೂರವಾಣಿ ಕಂಪನಿ ವರ್ಲ್ಡ್‌ಕಾಮ್, 380 ಕೋಟಿ ಡಾಲರ್ ಖರ್ಚನ್ನು ಬಂಡವಾಳವೆಂದು ಬರೆದು ಲಾಭ ತೋರಿಸಿದ್ದಾಗಿ ಒಪ್ಪಿಕೊಂಡಿತು. ಕಂಪನಿಯ ಒಳ ಪರಿಶೋಧನಾ ವಿಭಾಗದ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ ರಾತ್ರಿ ಹೊತ್ತು ಕದ್ದುಮುಚ್ಚಿ ಲೆಕ್ಕ ತಿರುವಿಹಾಕಿ ಈ ಮೋಸ ಹೊರಗೆಳೆದಿದ್ದರು. ಮುಂದೆ ಆ ಮೊತ್ತ 1,100 ಕೋಟಿ ಡಾಲರ್‌ಗೆ ಬೆಳೆಯಿತು. ಇಲ್ಲಿಯೂ ಹೊರ ಪರಿಶೋಧಕರು ಆಂಡರ್ಸನ್‌ನವರೇ. ಷೇರುಪೇಟೆ ಕುಸಿಯುತ್ತಿತ್ತು, ನವೆಂಬರ್‌ನಲ್ಲಿ ಚುನಾವಣೆಯಿತ್ತು. ಎಲ್ಲರೂ ಮದ್ದಿಗಾಗಿ ತಡಕಾಡುತ್ತಿದ್ದಾಗ ತಿಂಗಳುಗಟ್ಟಲೆ ಕೂತು ಹದಗೊಳಿಸಿದ ಒಂದೇ ಒಂದು ಮಸೂದೆ ಸಿದ್ಧವಾಗಿತ್ತು. ಜುಲೈ 15ರಂದು ಸೆನೆಟ್ ಅದನ್ನು 97–0 ಮತಗಳಿಂದ ಅಂಗೀಕರಿಸಿತು. ಮಾಹಿತಿ ಹೊರಗೆಡಹುವ ನೌಕರರ ರಕ್ಷಣೆಗೆ ಸೆನೆಟರ್ ಪ್ಯಾಟ್ರಿಕ್ ಲೇಹಿ ತಂದ ಅಂಶಗಳೂ, ಸುಳ್ಳು ದೃಢೀಕರಣಕ್ಕೆ ಆಗ ಸೆನೆಟರ್ ಆಗಿದ್ದ ಜೋ ಬೈಡನ್ ತಂದ ಕಠಿಣ ಶಿಕ್ಷೆಯೂ ಸದನದಲ್ಲಿ ಸೇರಿಕೊಂಡವು. ಜುಲೈ 25ರಂದು ಅಂತಿಮ ರೂಪಕ್ಕೆ ಪ್ರತಿನಿಧಿ ಸಭೆಯಲ್ಲಿ 423–3, ಸೆನೆಟ್‌ನಲ್ಲಿ 99–0 ಮತಗಳು ಬಂದವು. ಆತುರದಲ್ಲಿ ಮಾಡಿದ ಕಾಯ್ದೆ ಎಂದು ಇದನ್ನು ಆಮೇಲೆ ಹಳಿದವರು ಬಹಳ. ಆತುರ ಇದ್ದದ್ದು ಮತದಾನದಲ್ಲಿ ಮಾತ್ರ.

ಕಾಯ್ದೆಯ ಅತಿ ಮುಖ್ಯ ಸೃಷ್ಟಿ ಸಾರ್ವಜನಿಕ ಕಂಪನಿಗಳ ಲೆಕ್ಕಪರಿಶೋಧನಾ ಮೇಲ್ವಿಚಾರಣಾ ಮಂಡಳಿ. ಐವರು ಸದಸ್ಯರ ಈ ಮಂಡಳಿಯಲ್ಲಿ ವೃತ್ತಿಯಿಂದ ಲೆಕ್ಕಪರಿಶೋಧಕರಾದವರು ಇಬ್ಬರೇ ಇರಬೇಕು. ಖರ್ಚಿಗೆ ಕಂಪನಿಗಳಿಂದ ಕಡ್ಡಾಯವಾಗಿ ವಸೂಲಾಗುವ ಶುಲ್ಕವಿದೆ, ವೃತ್ತಿಯ ಮರ್ಜಿ ಕಾಯಬೇಕಿಲ್ಲ. ಪರಿಶೋಧಕರು ಅದೇ ಕಂಪನಿಗೆ ಲೆಕ್ಕ ಬರೆಯುವುದು, ಹಣಕಾಸು ಮಾಹಿತಿ ವ್ಯವಸ್ಥೆ ರೂಪಿಸುವುದು ಮುಂತಾದ ಸೇವೆಗಳನ್ನು ಕಾಯ್ದೆ ನಿಷೇಧಿಸಿತು. ಪರಿಶೋಧನೆಯ ಮುಖ್ಯ ಪಾಲುದಾರ ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಮುಖ್ಯ ಕಾರ್ಯನಿರ್ವಾಹಕರೂ ಹಣಕಾಸು ಮುಖ್ಯಸ್ಥರೂ ಲೆಕ್ಕಪತ್ರಕ್ಕೆ ಸ್ವತಃ ಸಹಿ ಹಾಕಿ ದೃಢೀಕರಿಸಬೇಕು. ಬೇಕೆಂದೇ ಸುಳ್ಳು ದೃಢೀಕರಿಸಿದರೆ 20 ವರ್ಷಗಳವರೆಗೆ ಜೈಲು, 50 ಲಕ್ಷ ಡಾಲರ್‌ವರೆಗೆ ದಂಡ. ಕೆಳಗಿನವರು ಏನು ಮಾಡಿದರೋ ತನಗೆ ತಿಳಿಯದು ಎಂದು ಮೇಲಿನವರು ಜಾರಿಕೊಳ್ಳುವ ದಾರಿಯನ್ನು ಈ ಸಹಿ ಬಹುಮಟ್ಟಿಗೆ ಮುಚ್ಚಿತು. ಕಂಪನಿಗಳು ನಿರ್ದೇಶಕರಿಗೆ, ಉನ್ನತ ಅಧಿಕಾರಿಗಳಿಗೆ ವೈಯಕ್ತಿಕ ಸಾಲ ಕೊಡುವುದೂ ನಿಂತಿತು.

ಅತಿ ಹೆಚ್ಚು ಗದ್ದಲ ಎಬ್ಬಿಸಿದ್ದು 404ನೇ ಸೆಕ್ಷನ್. ಲೆಕ್ಕದ ಹಿಂದಿರುವ ಒಳ ನಿಯಂತ್ರಣಗಳು ಸರಿಯಿವೆಯೇ ಎಂದು ಕಂಪನಿ ಪ್ರತಿವರ್ಷ ಪರೀಕ್ಷಿಸಿ ವರದಿ ಮಾಡಬೇಕು, ಹೊರ ಪರಿಶೋಧಕರು ಅದನ್ನು ಒರೆಗೆ ಹಚ್ಚಬೇಕು. ಒಂದು ಕಂಪನಿಗೆ ಇದರ ವೆಚ್ಚ ಸರಾಸರಿ 91,000 ಡಾಲರ್ ಆದೀತೆಂದು ಆಯೋಗ ಅಂದಾಜಿಸಿತ್ತು. ದೊಡ್ಡ ಕಂಪನಿಗಳ ವೆಚ್ಚ ದಶಲಕ್ಷ ಡಾಲರ್‌ಗಳ ಲೆಕ್ಕಕ್ಕೆ ಹೋಯಿತು. ಚಿಕ್ಕ ಕಂಪನಿಗಳ ದೂರಿನಲ್ಲಿ ಹುರುಳಿತ್ತು. 2007ರಲ್ಲಿ ಮಂಡಳಿ ಪರಿಶೋಧನೆಯ ಮಾನದಂಡವನ್ನು ಸರಳಗೊಳಿಸಿತು, 2010ರ ಡಾಡ್–ಫ್ರಾಂಕ್ ಕಾಯ್ದೆ ಚಿಕ್ಕ ಕಂಪನಿಗಳಿಗೆ ಹೊರ ಪರಿಶೋಧಕರ ಪ್ರಮಾಣೀಕರಣದಿಂದ ಕಾಯಂ ವಿನಾಯಿತಿ ಕೊಟ್ಟಿತು.

ನ್ಯಾಯಾಲಯಗಳಲ್ಲಿ ಕಾಯ್ದೆಯ ಹಾದಿ ಏರುಪೇರಿನದು. ಇದರಡಿ ಆರೋಪ ಹೊತ್ತ ಮೊದಲ ಮುಖ್ಯ ಕಾರ್ಯನಿರ್ವಾಹಕ, ಹೆಲ್ತ್‌ಸೌತ್ ಕಂಪನಿಯ ರಿಚರ್ಡ್ ಸ್ಕ್ರುಷಿ, 2005ರಲ್ಲಿ ಖುಲಾಸೆಯಾದರು. ಎನ್ರಾನ್ ಕಾಗದಪತ್ರ ಚೂರು ಮಾಡಿದ್ದಕ್ಕೆ ಆಂಡರ್ಸನ್‌ಗೆ ಹಿಂದಿನ ಕಾನೂನಿನಡಿ ಆಗಿದ್ದ ಶಿಕ್ಷೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಒಮ್ಮತದಿಂದ ರದ್ದು ಮಾಡಿತು. ಸಂಸ್ಥೆ ಆ ವೇಳೆಗೆ ಮುಚ್ಚಿಹೋದಂತೆಯೇ ಆಗಿತ್ತು. 2010ರಲ್ಲಿ ಮಂಡಳಿಯ ಸಂವಿಧಾನಬದ್ಧತೆಯ ಪ್ರಶ್ನೆ ಬಂದಾಗ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಸದಸ್ಯರನ್ನು ತೆಗೆದುಹಾಕುವ ನಿಯಮವನ್ನಷ್ಟೇ ಬದಲಿಸಿ ಮಂಡಳಿಯನ್ನು ಉಳಿಸಿತು. ಕಾಯ್ದೆಯ ದಾಖಲೆ ನಾಶದ ಸೆಕ್ಷನ್ 2015ರಲ್ಲಿ ಮೀನುಗಾರನೊಬ್ಬನ ಮೇಲಿನ ಮೊಕದ್ದಮೆಯಲ್ಲಿ ಚರ್ಚೆಗೆ ಬಂತು. ಸಾಕ್ಷ್ಯ ಮುಚ್ಚಲು ಸಮುದ್ರಕ್ಕೆ ಎಸೆದ ಮೀನು ಈ ಕಾಯ್ದೆಯ ಅರ್ಥದಲ್ಲಿ ಮಾಹಿತಿ ದಾಖಲಿಸುವ ವಸ್ತುವಲ್ಲ ಎಂದು ನ್ಯಾಯಾಲಯ ಹೇಳಿತು.

ಕಾಯ್ದೆ ಭಾರತಕ್ಕೂ ಬಂತು. ಅಮೆರಿಕದ ಷೇರುಪೇಟೆಯಲ್ಲಿದ್ದ ಬೆಂಗಳೂರಿನ ಇನ್ಫೊಸಿಸ್ ಮತ್ತು ವಿಪ್ರೊ ನೇರವಾಗಿ ಇದರ ವ್ಯಾಪ್ತಿಗೆ ಸೇರಿದವು. ಅಮೆರಿಕದ ಕಂಪನಿಗಳಿಗಾಗಿ ಒಳ ನಿಯಂತ್ರಣಗಳನ್ನು ಪರೀಕ್ಷಿಸುವ ಕೆಲಸ ಬೆಂಗಳೂರಿನ ಕಚೇರಿಗಳಿಗೆ ಬಂದು, ಇಲ್ಲಿನ ಚಾರ್ಟರ್ಡ್ ಅಕೌಂಟೆಂಟರ ಬಾಯಲ್ಲಿ ಕಾಯ್ದೆಯ ಕಿರುಹೆಸರು ‘ಸಾಕ್ಸ್’ ದಿನಬಳಕೆಯ ಮಾತಾಯಿತು. ಭಾರತದ ಷೇರುಪೇಟೆ ನಿಯಂತ್ರಕ ಸೆಬಿ ನೇಮಿಸಿದ ಎನ್.ಆರ್. ನಾರಾಯಣಮೂರ್ತಿ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಅದರ ಬಳಿಕ ಪರಿಷ್ಕೃತವಾದ, ಷೇರುಪೇಟೆ ನೋಂದಣಿ ಒಪ್ಪಂದದ 49ನೇ ಕಲಂ 2006ರ ಜನವರಿ 1ರಿಂದ ಜಾರಿಗೆ ಬಂದಾಗ ಮುಖ್ಯಸ್ಥರ ದೃಢೀಕರಣ ಭಾರತದ ನೋಂದಾಯಿತ ಕಂಪನಿಗಳಿಗೂ ಕಡ್ಡಾಯವಾಯಿತು.

ಕಾಯ್ದೆಯ ಮಿತಿಯೂ ಇಲ್ಲೇ ಕಂಡಿತು. ನ್ಯೂಯಾರ್ಕ್ ಷೇರುಪೇಟೆಯಲ್ಲಿದ್ದ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ತಪ್ಪೊಪ್ಪಿಗೆ ಪತ್ರ ಬರೆದಾಗ, ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂಬುದು ಬಯಲಾಯಿತು. ಸಹಿಗಳಿದ್ದವು, ಪರಿಶೋಧಕರ ಮುದ್ರೆಯಿತ್ತು, ಬ್ಯಾಂಕಿನಲ್ಲಿ ಹಣವಿದೆಯೇ ಎಂಬ ಸರಳ ಪರಿಶೀಲನೆ ನೆಟ್ಟಗೆ ನಡೆದಿರಲಿಲ್ಲ. ಆದರೆ 2011ರಲ್ಲಿ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ ಅಮೆರಿಕದ ಆಯೋಗ 60 ಲಕ್ಷ ಡಾಲರ್, ಮಂಡಳಿ 15 ಲಕ್ಷ ಡಾಲರ್ ದಂಡ ಹಾಕಿದವು. ಭಾರತ 2013ರ ಕಂಪನಿ ಕಾಯ್ದೆಯಲ್ಲಿ ಇಂಥದೇ ಸ್ವತಂತ್ರ ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದದ್ದು 2018ರ ಅಕ್ಟೋಬರ್‌ನಲ್ಲಿ.

ಸಾರ್ಬೇನ್ಸ್ 2006ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. 2007ರ ಜನವರಿಯಲ್ಲಿ ಅವರು ಸೆನೆಟ್ ಬಿಟ್ಟಾಗ ಮಗ ಜಾನ್ ಸಾರ್ಬೇನ್ಸ್ ಪ್ರತಿನಿಧಿ ಸಭೆ ಪ್ರವೇಶಿಸಿದರು. ಆಕ್ಸ್‌ಲಿ 2016ರ ಜನವರಿ 1ರಂದು, ಸಾರ್ಬೇನ್ಸ್ 2020ರ ಡಿಸೆಂಬರ್ 6ರಂದು ಬಾಲ್ಟಿಮೋರ್‌ನಲ್ಲಿ, ತೀರಿಕೊಂಡರು. ಮಂಡಳಿಯನ್ನೇ ಮುಚ್ಚಿ ಅದರ ಕೆಲಸವನ್ನು ಷೇರುಪೇಟೆ ಆಯೋಗಕ್ಕೆ ವಹಿಸುವ ಪ್ರಸ್ತಾಪ 2025ರಲ್ಲಿ ಬಜೆಟ್ ಮಸೂದೆಯೊಳಗೆ ಸೇರಿ ಪ್ರತಿನಿಧಿ ಸಭೆಯನ್ನು ದಾಟಿತು. ಬಜೆಟ್ ಮಸೂದೆಯಲ್ಲಿ ಇಂಥ ಅಂಶಕ್ಕೆ ಜಾಗವಿಲ್ಲವೆಂದು ಸೆನೆಟ್‌ನ ನಿಯಮಾಧಿಕಾರಿ ತೀರ್ಪಿತ್ತ ಮೇಲೆ ಅದನ್ನು ಕೈಬಿಡಲಾಯಿತು.