ಆ 44 ಸಾಲುಗಳನ್ನು ಹೇಗೆ ಹೇಳೋದು?

ಆಫೀಸಿನ ಗೆಳೆಯರು ಸೇರಿ ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ಆಡೋಣ ಅಂತ ಹೊರಟಾಗ, ನನಗೆ ಕಥೆ ಮೊದಲೇ ಗೊತ್ತಿತ್ತು. ಊರಲ್ಲಿ ಟಿವಿ ಮುಂದೆ ಕೂತು 'ನಂಜುಂಡಿ ಕಲ್ಯಾಣ' ನೋಡಿದ್ದೆನಲ್ಲ! 1989ರ ಆ ಸಿನಿಮಾ ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕದಿಂದ ಬಂದದ್ದು. ಆ ನಾಟಕದ ಬೇರು ಷೇಕ್ಸ್‌ಪಿಯರ್. ಗಯ್ಯಾಳಿ ಹುಡುಗಿ, ಅವಳನ್ನು ಪಟ್ಟು ಹಿಡಿದು ಬಗ್ಗಿಸುವ ಗಂಡು. ಅಮ್ಮ, ಅತ್ತೆ, ಅಕ್ಕಪಕ್ಕದವರು ಎಲ್ಲರೂ ಬಿದ್ದೂ ಬಿದ್ದೂ ನಕ್ಕಿದ್ವಿ.

ಮೂಲ ಓದೋಕೆ ಕೂತಾಗ ಅಷ್ಟು ನಗು ಬರಲಿಲ್ಲ. ಪೆಟ್ರೂಚಿಯೊ ದುಡ್ಡಿರೋ ಹೆಣ್ಣನ್ನು ಹುಡುಕಿಕೊಂಡೇ ಪಡುವಾಕ್ಕೆ ಬರ್ತಾನೆ. ಮದುವೆಯಾದ ಮೇಲೆ ಕೇಟ್‌ಗೆ ಊಟ ಕೊಡಲ್ಲ, ನಿದ್ದೆ ಮಾಡೋಕೆ ಬಿಡಲ್ಲ. ಬೇಟೆಯ ಗಿಡುಗವನ್ನು ಪಳಗಿಸೋದೂ ಹೀಗೇ ಅಂತ ತಾನೇ ಹೇಳಿಕೊಳ್ತಾನೆ. ಕೊನೆಗೆ, ಹೆಂಡತಿ ಗಂಡನಿಗೆ ತಗ್ಗಿ ಬಗ್ಗಿ ನಡೆಯಬೇಕು ಅಂತ ಕೇಟ್ 44 ಸಾಲು ಮಾತಾಡ್ತಾಳೆ. ರಿಹರ್ಸಲ್‌ನಲ್ಲಿ ಆ ಪಾತ್ರ ಮಾಡ್ತಿದ್ದ ಗೆಳತಿ ಸ್ಕ್ರಿಪ್ಟ್ ಕೆಳಗಿಟ್ಟು ಕೇಳಿದಳು: "ಇದನ್ನ ನಾನು ನಂಬಿ ಹೇಳ್ಬೇಕಾ, ಅಣಕಿಸಿ ಹೇಳ್ಬೇಕಾ?"

"ಈಗಿನವರಿಗೆ ಹಳೇದೆಲ್ಲ ತಪ್ಪಾಗೇ ಕಾಣುತ್ತೆ" ಅಂದ ಒಬ್ಬ. ಆದರೆ ಈ ಪ್ರಶ್ನೆ ಈಗಿನದಲ್ಲವೇ ಅಲ್ಲ.

ನಾಟಕ ಹುಟ್ಟಿದ್ದು 1590ರ ಆಸುಪಾಸಿನಲ್ಲಿ. ಸುಮಾರು 20 ವರ್ಷದಲ್ಲೇ ಜಾನ್ ಫ್ಲೆಚರ್ ಅದರ ಮುಂದಿನ ಕಥೆ ಬರೆದ. ಅದರಲ್ಲಿ ಕೇಟ್ ತೀರಿಕೊಂಡಿದ್ದಾಳೆ. ಪೆಟ್ರೂಚಿಯೊನ ಎರಡನೇ ಹೆಂಡತಿ ಮರಿಯಾ ಮದುವೆಯ ರಾತ್ರಿಯೇ ಅವನನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ತಾಳೆ! 1633ರ ನವೆಂಬರಿನಲ್ಲಿ ಎರಡು ದಿನದ ಅಂತರದಲ್ಲಿ ಎರಡೂ ನಾಟಕಗಳನ್ನು ಅರಮನೆಯಲ್ಲಿ ಆಡಿದರು. ನಾಟಕಗಳ ಉಸ್ತುವಾರಿ ನೋಡುತ್ತಿದ್ದ ಅಧಿಕಾರಿ ಹೆನ್ರಿ ಹರ್ಬರ್ಟ್, ಷೇಕ್ಸ್‌ಪಿಯರನದು ಹಿಡಿಸಿತು, ಫ್ಲೆಚರನದು ಬಹಳ ಹಿಡಿಸಿತು ಅಂತ ಬರೆದಿಟ್ಟಿದ್ದಾನೆ.

1897ರಲ್ಲಿ ಬರ್ನಾರ್ಡ್ ಷಾ, ಕೊನೆಯ ದೃಶ್ಯ ಆಧುನಿಕ ಮನಸ್ಸಿಗೆ ಅಸಹ್ಯ ತರುವಂಥದ್ದು ಎಂದರು. 1929ರ ಸಿನಿಮಾದಲ್ಲಿ ಮೇರಿ ಪಿಕ್‌ಫೋರ್ಡ್ ಅದೇ ಮಾತಾಡಿ ತಂಗಿಯ ಕಡೆ ಕಣ್ಣು ಹೊಡೀತಾರೆ. ಅಷ್ಟರಲ್ಲೇ ಮಾತಿನ ಅರ್ಥ ಉಲ್ಟಾ.

ನಾವು ಕಣ್ಣು ಹೊಡೆಯೋ ದಾರಿ ಹಿಡಿಯಲಿಲ್ಲ. ನನ್ನ ಗೆಳತಿ ಗಂಡನನ್ನು ನೋಡದೆ, ಪ್ರೇಕ್ಷಕರನ್ನೇ ನೋಡುತ್ತಾ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲ ಸಾಲನ್ನೂ ಹೇಳಿದಳು. ಮೊದಲು ನಗ್ತಿದ್ದವರು ಅರ್ಧಕ್ಕೇ ಸುಮ್ಮನಾದರು. ತಮಾಷೆ ಕೆಟ್ಟಿತು ಅಂತ ಕೆಲವರು ಬೈದರು. ಇರಬಹುದು. ಆದರೆ ಹಸಿದು ನಿದ್ದೆಗೆಟ್ಟವಳು ಆಡುವ ಮಾತು ಅಂತ ನನಗೆ ಅರ್ಥವಾಗಿದ್ದು ಆಗಲೇ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಕೇಳಿದೆ: "ಅಮ್ಮಾ, ನಂಜುಂಡಿ ಕಲ್ಯಾಣ ನೋಡಿ ಅಷ್ಟೊಂದು ಯಾಕೆ ನಕ್ಕೆ ನೀನು?"

"ಎಲ್ಲರೂ ನಗ್ತಿದ್ರಲ್ಲೋ" ಅಂದಳು ಅಮ್ಮ.