ಐದನೇ, ಎಂಟನೇ ಇಯತ್ತೆಯಲ್ಲಿ ಈಗ ಪಾಸಾಗಲೇಬೇಕು: ಪ್ರಗತಿ ಪುಸ್ತಕದ ಬಗ್ಗೆ ಪಾಲಕರಿಗೆ ಮಾಹಿತಿ

ಮಾಡಗ್ಯಾಳ: 'ಎಂಟನೇ ಇಯತ್ತೆಯ ತನಕ ಯಾರನ್ನೂ ನಾಪಾಸ್ ಮಾಡುವುದಿಲ್ಲ' ಎಂಬ ಮಾತು ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ ಮಹಾರಾಷ್ಟ್ರದಲ್ಲಿ 2023-24ನೇ ಶೈಕ್ಷಣಿಕ ವರ್ಷದಿಂದ ಐದನೇ ಮತ್ತು ಎಂಟನೇ ಇಯತ್ತೆಗೆ ಈ ಮಾತು ಅನ್ವಯಿಸುವುದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಿರಲಿ, ಮರಾಠಿ ಶಾಲೆಯಿರಲಿ, ನಿಯಮ ಒಂದೇ. ಮಗುವಿನ ಪ್ರಗತಿ ಪುಸ್ತಕದಲ್ಲಿ ಬರೆದ ಶ್ರೇಣಿಯ ಅರ್ಥವೇನು, ಯಾವ ವರ್ಷ ಯಾವ ನಿಯಮ, ಪಾಲಕರು ಗುರುಜಿಯವರ ಬಳಿ ಏನನ್ನು ಕೇಳಬೇಕು ಎಂಬ ವಿವರ ಇಲ್ಲಿದೆ.

ನಿಯಮ ಬದಲಾದದ್ದು ಹೇಗೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಒಂದರಿಂದ ಎಂಟನೇ ಇಯತ್ತೆಯವರೆಗೆ ಯಾವ ಮಗುವನ್ನೂ ಅದೇ ವರ್ಗದಲ್ಲಿ ಹಿಂದೆ ಉಳಿಸಬಾರದು ಎಂದು ಅದರ 16ನೇ ಕಲಮು ಹೇಳುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರಕಾರ ವರ್ಷದ ಕೊನೆಯ ಒಂದೇ ಪರೀಕ್ಷೆಯ ಬದಲು 'ಸಾತತ್ಯಪೂರ್ಣ ಸರ್ವಂಕಷ ಮೌಲ್ಯಮಾಪನ' ಪದ್ಧತಿಯನ್ನು ತಂದಿತು. ವರ್ಷವಿಡೀ ಮಗುವನ್ನು ಗಮನಿಸಿ ಅಂಕ ಕೊಡುವುದು, ಅಂಕವನ್ನು ಶ್ರೇಣಿಯಾಗಿ ಬರೆಯುವುದು ಇದರ ಕ್ರಮ.

ಮುಂದೆ 2019ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ಮಾಡಿತು. ಐದನೇ ಮತ್ತು ಎಂಟನೇ ಇಯತ್ತೆಗೆ ಪರೀಕ್ಷೆ ನಡೆಸಿ, ಪಾಸಾಗದವರನ್ನು ಅದೇ ವರ್ಗದಲ್ಲಿ ಉಳಿಸಬೇಕೋ ಬೇಡವೋ ಎಂಬುದನ್ನು ರಾಜ್ಯಗಳಿಗೇ ಬಿಟ್ಟಿತು. ಮಹಾರಾಷ್ಟ್ರ ಸರಕಾರ 2023ರಲ್ಲಿ ತನ್ನ ನಿಯಮವನ್ನು ಬದಲಾಯಿಸಿ, ಡಿಸೆಂಬರ್ 7ರಂದು ಹೊರಡಿಸಿದ ನಿರ್ಣಯದಲ್ಲಿ ಪರೀಕ್ಷೆಯ ರೀತಿಯನ್ನು ಗೊತ್ತುಪಡಿಸಿತು.

ಐದು ಮತ್ತು ಎಂಟನೇ ಇಯತ್ತೆಯ ವಾರ್ಷಿಕ ಪರೀಕ್ಷೆ

ಐದನೇ ಇಯತ್ತೆಯಲ್ಲಿ ಪ್ರತಿ ವಿಷಯಕ್ಕೆ 50 ಅಂಕ. ಇದರಲ್ಲಿ 10 ಅಂಕ ಮೌಖಿಕ ಅಥವಾ ಪ್ರಾತ್ಯಕ್ಷಿಕಕ್ಕೆ, 40 ಅಂಕ ಲಿಖಿತಕ್ಕೆ. ಎಂಟನೇ ಇಯತ್ತೆಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ. ಇದರಲ್ಲಿ 10 ಮೌಖಿಕ, 50 ಲಿಖಿತ. ಪಾಸಾಗಲು ಪ್ರತಿ ವಿಷಯದಲ್ಲಿ ಶೇ. 35 ಅಂಕ ಬೇಕು. ಅಂದರೆ ಐದನೇ ಇಯತ್ತೆಗೆ 18, ಎಂಟನೇ ಇಯತ್ತೆಗೆ 21 ಅಂಕ. ಒಂದು ವಿಷಯದಲ್ಲಿ ಹೆಚ್ಚು ಅಂಕ ಬಂತೆಂದು ಇನ್ನೊಂದರ ಕೊರತೆ ತುಂಬುವುದಿಲ್ಲ. ಅಲ್ಪ ಅಂಕಗಳಿಂದ ಹಿಂದೆ ಬಿದ್ದವರಿಗೆ ಒಟ್ಟು 10 ಅಂಕಗಳವರೆಗೆ ಸವಲತ್ತಿನ ಅಂಕ ಕೊಡಲು ಅವಕಾಶವಿದೆ.

ಪಾಸಾಗದ ಮಗುವಿಗೆ ಶಾಲೆ ಹೆಚ್ಚುವರಿ ಪಾಠ ಹೇಳಿಕೊಟ್ಟು ಜೂನ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ತೆಗೆದುಕೊಳ್ಳಬೇಕು. ಅದರಲ್ಲೂ ಪಾಸಾಗದಿದ್ದರೆ ಮಗು ಅದೇ ಇಯತ್ತೆಯಲ್ಲಿ ಉಳಿಯುತ್ತದೆ. ಆದರೆ ಈ ಕಾರಣಕ್ಕಾಗಿ ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. ಇದು ಹತ್ತನೇ ಇಯತ್ತೆಯಂಥ ಬೋರ್ಡ್ ಪರೀಕ್ಷೆ ಅಲ್ಲ ಎಂಬುದನ್ನೂ ಗಮನಿಸಬೇಕು.

ಮೇ ತಿಂಗಳು ಮಹತ್ವದ್ದಾಗುವುದು ಇದೇ ಕಾರಣಕ್ಕೆ. ನಿಕಾಲು ತಿಳಿದುಕೊಳ್ಳದೆ ರಜೆಗೆ ಊರು ಬಿಟ್ಟ ಪಾಲಕರಿಗೆ ಮರುಪರೀಕ್ಷೆಯ ದಿನವೇ ಗೊತ್ತಾಗದೆ ಹೋಗಬಹುದು. ಪ್ರಗತಿ ಪುಸ್ತಕವನ್ನು ಶಾಲೆಗೆ ಹೋಗಿ ಕೈಯಾರೆ ಪಡೆಯುವುದು ಒಳ್ಳೆಯದು.

ಆರು ಮತ್ತು ಏಳನೇ ಇಯತ್ತೆಯಲ್ಲಿ ಏನು?

ಈ ಎರಡು ವರ್ಷ ಹಳೆಯ ಪದ್ಧತಿಯೇ ಮುಂದುವರಿದಿದೆ. ಮಗು ಮುಂದಿನ ವರ್ಗಕ್ಕೆ ಹೋಗುತ್ತದೆ. ಪಾಲಕರು ಮೋಸ ಹೋಗುವುದು ಇಲ್ಲಿಯೇ. ಐದನೇ ಇಯತ್ತೆ ದಾಟಿದ ಮಗು ಎರಡು ವರ್ಷ ಗಣಿತದಲ್ಲಿ ಹಿಂದುಳಿದರೂ ಮನೆಯವರಿಗೆ ಯಾವ ತಡೆಯೂ ಕಾಣುವುದಿಲ್ಲ. ಎಂಟನೇ ಇಯತ್ತೆಯಲ್ಲಿ ಒಮ್ಮೆಲೇ ಪ್ರತಿ ವಿಷಯದಲ್ಲೂ 21 ಅಂಕದ ಲೆಕ್ಕ ಎದುರಾಗುತ್ತದೆ. ಆರು-ಏಳರಲ್ಲಿ ಪಾಲಕರಿಗೆ ಸಿಗುವ ಎಚ್ಚರಿಕೆ ಒಂದೇ, ಅದು ಪ್ರಗತಿ ಪುಸ್ತಕದ ಶ್ರೇಣಿ. ಅದನ್ನು ಓದಲು ತಿಳಿದಿರಬೇಕು.

ಶ್ರೇಣಿಯನ್ನು ಓದುವುದು ಹೇಗೆ?

ನೂರಕ್ಕೆ ಎಷ್ಟು ಅಂಕ ಬಂದರೆ ಯಾವ ಶ್ರೇಣಿ ಎಂಬುದು ಹೀಗಿದೆ:

ಅ-1: 91ರಿಂದ 100
ಅ-2: 81ರಿಂದ 90
ಬ-1: 71ರಿಂದ 80
ಬ-2: 61ರಿಂದ 70
ಕ-1: 51ರಿಂದ 60
ಕ-2: 41ರಿಂದ 50
ಡ: 33ರಿಂದ 40
ಇ-1: 21ರಿಂದ 32
ಇ-2: 20 ಮತ್ತು ಅದಕ್ಕಿಂತ ಕಡಿಮೆ

ಡ ಅಥವಾ ಅದಕ್ಕಿಂತ ಕೆಳಗಿನ ಶ್ರೇಣಿ ಬಂದ ಮಗುವಿಗೆ ಹೆಚ್ಚುವರಿ ಮಾರ್ಗದರ್ಶನ ಕೊಟ್ಟು ಕನಿಷ್ಠ ಕ-2ರ ತನಕ ತರುವುದು ಶಾಲೆಯ ಕೆಲಸ. ಆದ್ದರಿಂದ ಮಗುವಿನ ಪುಸ್ತಕದಲ್ಲಿ 'ಡ' ಕಂಡರೆ 'ಪಾಸಾಯಿತಲ್ಲ' ಎಂದು ಮಡಚಿ ಇಡದೆ, ಯಾವ ಪಾಠ ಹಿಂದೆ ಬಿದ್ದಿದೆ, ಅದಕ್ಕೆ ಏನು ಮಾಡುತ್ತೀರಿ ಎಂದು ಗುರುಜಿ ಅಥವಾ ಅಕ್ಕೋರನ್ನು ಕೇಳುವ ಅಧಿಕಾರ ಪಾಲಕರಿಗಿದೆ.

ಅಂಕ ಬರುವುದು ಎರಡು ದಾರಿಯಿಂದ

ಪ್ರತಿ ಸತ್ರದ ಅಂಕಗಳಲ್ಲಿ ಎರಡು ಪಾಲು ಇರುತ್ತವೆ. ಮೊದಲನೆಯದು 'ಆಕಾರಿಕ', ಅಂದರೆ ದಿನನಿತ್ಯದ ಕಲಿಕೆಗೆ ಕೊಡುವ ಅಂಕ. ಎರಡನೆಯದು 'ಸಂಕಲಿತ', ಅಂದರೆ ಸತ್ರದ ಕೊನೆಯ ಪರೀಕ್ಷೆಯ ಅಂಕ. 2010ರ ಪದ್ಧತಿಯಂತೆ ಒಂದು-ಎರಡನೇ ಇಯತ್ತೆಗೆ ಆಕಾರಿಕ 70, ಸಂಕಲಿತ 30. ಮೂರು-ನಾಲ್ಕಕ್ಕೆ 60 ಮತ್ತು 40. ಐದು-ಆರಕ್ಕೆ 50 ಮತ್ತು 50. ಏಳು-ಎಂಟಕ್ಕೆ 40 ಮತ್ತು 60. ಮಗು ಮೇಲೆ ಹೋದಂತೆ ಪರೀಕ್ಷೆಯ ಭಾರ ಹೆಚ್ಚುತ್ತದೆ. ಐದು ಮತ್ತು ಎಂಟನೇ ಇಯತ್ತೆಗೆ ಎರಡನೇ ಸತ್ರದ ಸಂಕಲಿತದ ಜಾಗದಲ್ಲಿ ಈಗ ವಾರ್ಷಿಕ ಪರೀಕ್ಷೆ ಬಂದಿದೆ.

ಉದಾಹರಣೆಗೆ, ಆರನೇ ಇಯತ್ತೆಯ ಒಂದು ಮಗುವಿಗೆ ಗಣಿತದ ಆಕಾರಿಕದಲ್ಲಿ 50ಕ್ಕೆ 40, ಸಂಕಲಿತದಲ್ಲಿ 50ಕ್ಕೆ 15 ಬಂದಿದೆ ಎಂದುಕೊಳ್ಳೋಣ. ಒಟ್ಟು 55, ಶ್ರೇಣಿ ಕ-1. ಪುಸ್ತಕ ನೋಡಿದವರಿಗೆ ಮಗು ನಡುಮಟ್ಟದಲ್ಲಿದೆ ಎನಿಸುತ್ತದೆ. ಆದರೆ ಅದು ಪರೀಕ್ಷೆಯಲ್ಲಿ ಪಡೆದದ್ದು ಶೇ. 30 ಮಾತ್ರ. ಇದೇ ಮಗು ಎಂಟನೇ ಇಯತ್ತೆಯ ವಾರ್ಷಿಕ ಪರೀಕ್ಷೆಯಲ್ಲಿ ಇದೇ ಮಟ್ಟದಲ್ಲಿ ಬರೆದರೆ 60ಕ್ಕೆ 18 ಬರುತ್ತದೆ, 21 ಆಗುವುದಿಲ್ಲ. ಆದ್ದರಿಂದ ಶ್ರೇಣಿಯ ಜತೆಗೆ ಆಕಾರಿಕ ಎಷ್ಟು, ಸಂಕಲಿತ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು. ಈ ಒಂದು ಪ್ರಶ್ನೆಯಿಂದಲೇ ಮಗುವಿನ ನಿಜವಾದ ಸ್ಥಿತಿ ತಿಳಿಯುತ್ತದೆ.

ವರ್ಗದಲ್ಲಿ ಯಾವುದಕ್ಕೆ ಅಂಕ?

ಆಕಾರಿಕ ಅಂಕಗಳಿಗೆ ದೈನಂದಿನ ನಿರೀಕ್ಷಣೆ, ಮೌಖಿಕ ಕೆಲಸ, ಪ್ರಯೋಗ, ಕೃತಿ, ಪ್ರಕಲ್ಪ, ಚಿಕ್ಕ ಲಿಖಿತ ಚಾಚಣಿ, ಮನೆಪಾಠ ಮತ್ತು ವರ್ಗಪಾಠ ಆಧಾರವಾಗಿವೆ. ಶಿಕ್ಷಕರು ಒಂದು ವಿಷಯಕ್ಕೆ ಇವುಗಳಲ್ಲಿ ಕನಿಷ್ಠ ಐದನ್ನು ಬಳಸಬೇಕು. ಮಗುವಿನ ವಿಶೇಷ ಪ್ರಗತಿ, ಆಸಕ್ತಿ, ಬೇಕಾದ ಸುಧಾರಣೆಗಳ ಬಗ್ಗೆ ವರ್ಣನಾತ್ಮಕ ನೋಂದಣಿಯನ್ನೂ ಬರೆಯಬೇಕು. ಪ್ರಗತಿ ಪುಸ್ತಕದ ಈ ಸಾಲುಗಳನ್ನು ಬಹಳ ಪಾಲಕರು ಓದುವುದೇ ಇಲ್ಲ. ಓದು ಬಾರದ ಪಾಲಕರು ಅದನ್ನು ಶಿಕ್ಷಕರಿಂದಲೇ ಓದಿಸಿ ಕೇಳಬಹುದು.

ಪ್ರಕಲ್ಪವೆಂದರೆ ಅಂಗಡಿಯಿಂದ ಚಿತ್ರ ತಂದು ಅಂಟಿಸುವುದು ಎಂದಾಗಿಬಿಟ್ಟಿದೆ. ಖರ್ಚು ಮಾಡಿದರೆ ಅಂಕ ಹೆಚ್ಚು ಎಂಬ ನಿಯಮ ಎಲ್ಲಿಯೂ ಇಲ್ಲ. ಹೆಸರಾದ ಮಾಡಗ್ಯಾಳ ತಳಿಯ ಕುರಿಗಳು ಮನೆಯಲ್ಲಿಯೇ ಇದ್ದರೆ, ಅವುಗಳ ಮೇವು, ತೂಕ, ಸಂತೆಯ ದರ ಬರೆದಿಟ್ಟ ಮಗುವಿನ ವಹಿಯೂ ಒಳ್ಳೆಯ ಪ್ರಕಲ್ಪವೇ. ಗಣಿತವೂ ಪರಿಸರ ಅಭ್ಯಾಸವೂ ಅದರಲ್ಲಿವೆ.

ಮಗು ತಪ್ಪು ಮಾಡಿತೆಂದು ಹೊಡೆಯುವುದನ್ನು, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. 'ನಾಕು ಬಾರಿಸಿ ಕಲಿಸ್ರಿ ಗುರುಜಿ' ಎಂದು ಹೇಳುವ ಪಾಲಕರೂ ಇದನ್ನು ತಿಳಿದಿರಬೇಕು.

ಕನ್ನಡ ಮಾಧ್ಯಮದ ಮಕ್ಕಳ ಪ್ರಶ್ನೆ

ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಸಂಸ್ಥೆಯೇ ಪ್ರಕಟಿಸುತ್ತದೆ. 2020ರ ಕಾಯ್ದೆಯಂತೆ ರಾಜ್ಯದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯವಾಗಿದೆ. ಹೀಗಾಗಿ ಕನ್ನಡ ಶಾಲೆಯ ಮಗು ಕನ್ನಡದ ಜತೆಗೆ ಮರಾಠಿ, ಇಂಗ್ಲಿಷ್ ಕಲಿಯಬೇಕು. ಗಣಿತಕ್ಕೆ ಕೊಡುವಷ್ಟೇ ಗಮನವನ್ನು ಭಾಷೆಗಳಿಗೂ ಕೊಡಬೇಕು.

ಇನ್ನೊಂದು ಮುಖ್ಯ ಸಂಗತಿಯಿದೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು 2024ರಲ್ಲಿ ಗಡಿಯ ಎರಡೂ ಕಡೆ ಚರ್ಚೆಗೆ ಕಾರಣವಾಯಿತು. ಅದನ್ನು ಬರೀ ಭಾಷಾಭಿಮಾನದ ಪ್ರಶ್ನೆಯೆಂದು ನೋಡಿದರೆ ಸಾಲದು. ಆಕಾರಿಕ ಅಂಕಗಳಲ್ಲಿ ದೊಡ್ಡ ಪಾಲು ಮಗು ಆಡುವ ಮಾತು, ಕೇಳುವ ಪ್ರಶ್ನೆ, ಕೊಡುವ ಉತ್ತರವನ್ನು ಅವಲಂಬಿಸಿದೆ. ಮಗುವಿನ ಮಾತು ಶಿಕ್ಷಕರಿಗೆ ತಿಳಿಯದಿದ್ದರೆ ಆ ಅಂಕಕ್ಕೆ ಅರ್ಥ ಉಳಿಯುವುದಿಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎಂದು ಕಾಯ್ದೆಯ 29ನೇ ಕಲಮು ಹೇಳಿದೆ. ಇಂಥ ತೊಂದರೆ ಇದ್ದಲ್ಲಿ ಪಾಲಕರು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ವಿಷಯವನ್ನು ಲಿಖಿತವಾಗಿ ಎತ್ತಬಹುದು. ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು.

ಶಾಲೆ ಬದಲಾಗುವ ವರ್ಷವೇ ಪರೀಕ್ಷೆ

ಹಳ್ಳಿಗಳಲ್ಲಿ ಕೆಲವು ಶಾಲೆಗಳು ನಾಲ್ಕನೇ ಇಯತ್ತೆಯ ತನಕ, ಕೆಲವು ಏಳನೆಯ ತನಕ ಇವೆ. ಅಲ್ಲಿಂದ ಮಗು ಐದಕ್ಕೆ ಅಥವಾ ಎಂಟಕ್ಕೆ ಬೇರೆ ಶಾಲೆಗೆ ಹೋಗುತ್ತದೆ. ಪಾಸಾಗಬೇಕಾದ ಎರಡು ವರ್ಷಗಳೂ ಇವೇ. ಹೊಸ ಶಾಲೆ, ಹೊಸ ಶಿಕ್ಷಕರು, ಕೆಲವೊಮ್ಮೆ ಕನ್ನಡದಿಂದ ಮರಾಠಿಗೆ ಬದಲಾದ ಮಾಧ್ಯಮ, ಅದೇ ವರ್ಷ ಪರೀಕ್ಷೆ. ಇಂಥ ಮಕ್ಕಳ ಪಾಲಕರು ಮೊದಲ ಸತ್ರದಲ್ಲಿಯೇ, ದೀಪಾವಳಿ ರಜೆಗೆ ಮೊದಲು, ಹೊಸ ಶಾಲೆಗೆ ಹೋಗಿ ಮಗು ಎಲ್ಲಿದೆ ಎಂದು ವಿಚಾರಿಸುವುದು ಅಗತ್ಯ.

ಕಬ್ಬು ಕಡಿಯಲು ಹೋಗುವ ಕುಟುಂಬಗಳಿಗೆ ಇದು ಇನ್ನೂ ಕಠಿಣ. ದೀಪಾವಳಿಯ ಸುಮಾರಿಗೆ ಟೋಳಿಯೊಂದಿಗೆ ಹೊರಟವರು ಮರಳುವ ಹೊತ್ತಿಗೆ ಎರಡನೇ ಸತ್ರ ಬಹುಪಾಲು ಮುಗಿದಿರುತ್ತದೆ, ವಾರ್ಷಿಕ ಪರೀಕ್ಷೆ ಎದುರಿಗಿರುತ್ತದೆ. ಮಗುವನ್ನು ಊರಲ್ಲಿಯೇ ಅಜ್ಜ-ಅಜ್ಜಿಯರ ಬಳಿ ಬಿಡುವವರಿಗಾಗಿ ಹಂಗಾಮಿ ವಸತಿಗೃಹ ಯೋಜನೆ ಇದೆ. ಕರೆದುಕೊಂಡು ಹೋಗುವವರು ಹೊರಡುವ ಮೊದಲೇ ಮುಖ್ಯಾಧ್ಯಾಪಕರಿಗೆ ತಿಳಿಸಿ, ಹೋಗುವ ಊರಿನ ಶಾಲೆಯಲ್ಲಿ ಮಗುವನ್ನು ಕೂರಿಸುವ ವ್ಯವಸ್ಥೆ ಕೇಳಬೇಕು.

ಕರ್ನಾಟಕದ ಶಾಲೆಗೆ ಸೇರಿಸುವಾಗ

ವಿಜಯಪುರ, ಅಥಣಿ ಕಡೆಯ ಸಂಬಂಧಿಕರ ಮನೆಯಲ್ಲಿಟ್ಟು ಮಗುವನ್ನು ಓದಿಸುವವರು ಒಂದನ್ನು ನೆನಪಿಡಬೇಕು. ಅಲ್ಲಿಯ ಶ್ರೇಣಿಯೇ ಬೇರೆ. ಕರ್ನಾಟಕದಲ್ಲಿ 90 ಮತ್ತು ಹೆಚ್ಚಿಗೆ ಎ+, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ+, 30ರಿಂದ 49ಕ್ಕೆ ಬಿ, ಅದಕ್ಕಿಂತ ಕಡಿಮೆಗೆ ಸಿ. ಇಲ್ಲಿ 75 ಅಂಕ ಪಡೆದ ಮಗುವಿನದು ಬ-1, ಅಲ್ಲಿ ಅದೇ ಅಂಕಕ್ಕೆ ಎ. ಅಲ್ಲಿಯ 'ಬಿ' ಎಂದರೆ ಇಲ್ಲಿಯ 'ಬ' ಅಲ್ಲ, ಹೆಚ್ಚುಕಡಿಮೆ ಇಲ್ಲಿಯ ಕ-2, ಡ ಮತ್ತು ಇ-1ರ ಮಟ್ಟ. ಅಕ್ಷರ ನೋಡಿ ಅಣ್ಣ-ತಮ್ಮಂದಿರ ಮಕ್ಕಳನ್ನು ಹೋಲಿಸುವುದು ತಪ್ಪಾಗುತ್ತದೆ. ಹೋಲಿಸಬೇಕೆಂದರೆ ಅಂಕ ನೋಡಬೇಕು.

ಅಲ್ಲಿ 2024ರಲ್ಲಿ ಐದು, ಎಂಟು ಮತ್ತು ಒಂಬತ್ತನೇ ತರಗತಿಗೆ ನಡೆಸಿದ ಬೋರ್ಡ್ ಮಾದರಿ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ಆ ವರ್ಷದ ಏಪ್ರಿಲ್‌ನಲ್ಲಿ ತಡೆ ನೀಡಿತ್ತು. ಆ ಸುದ್ದಿಯನ್ನು ಕೇಳಿ ಇಲ್ಲಿಯ ಪರೀಕ್ಷೆಯೂ ರದ್ದಾಗಿದೆ ಎಂದು ತಿಳಿಯಬಾರದು. ಎರಡು ರಾಜ್ಯಗಳ ನಿಯಮ ಬೇರೆ ಬೇರೆ.

ಪ್ರಾಥಮಿಕ ಹಂತದಲ್ಲಿ ಬೇರೆ ರಾಜ್ಯದ ಸರಕಾರಿ ಅಥವಾ ಅನುದಾನಿತ ಶಾಲೆಗೂ ವರ್ಗಾವಣೆ ಪಡೆಯುವ ಹಕ್ಕನ್ನು ಕಾಯ್ದೆಯ 5ನೇ ಕಲಮು ಕೊಟ್ಟಿದೆ. ಮುಖ್ಯಾಧ್ಯಾಪಕರು ದಾಖಲೆಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಪಾಲಕ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಾಜರಿ, ಕಲಿಕೆಯ ಶಕ್ತಿ ಮತ್ತು ಪ್ರಗತಿಯ ಬಗ್ಗೆ ಪಾಲಕರ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಕಾಯ್ದೆಯ 24ನೇ ಕಲಮಿನಲ್ಲಿಯೇ ಇದೆ. ಸಭೆಗೆ ಹೋದವರು ಈ ಪ್ರಶ್ನೆಗಳನ್ನು ಕೇಳಬಹುದು:

1. ಪ್ರತಿ ವಿಷಯದಲ್ಲಿ ಆಕಾರಿಕ ಎಷ್ಟು, ಸಂಕಲಿತ ಎಷ್ಟು?
2. ಮಗು ಎಷ್ಟು ದಿನ ಶಾಲೆ ತಪ್ಪಿಸಿದೆ?
3. ತನ್ನ ಪುಸ್ತಕವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುತ್ತದೆಯೇ?
4. ಯಾವ ವಿಷಯದಲ್ಲಿ ಡ ಅಥವಾ ಅದಕ್ಕಿಂತ ಕೆಳಗಿದೆ, ಅದಕ್ಕೆ ಹೆಚ್ಚುವರಿ ಪಾಠ ಯಾವಾಗ?
5. ಐದು ಅಥವಾ ಎಂಟನೇ ಇಯತ್ತೆಯಾದರೆ, ವಾರ್ಷಿಕ ಪರೀಕ್ಷೆ ಮತ್ತು ಮರುಪರೀಕ್ಷೆ ಯಾವ ದಿನ?

ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ಕನ್ನಡದಲ್ಲಿಯೂ ನಡೆಸುವ ಶಿಷ್ಯವೃತ್ತಿ ಪರೀಕ್ಷೆ ಇದಕ್ಕಿಂತ ಬೇರೆ. ಅದರಲ್ಲಿ ಅಂಕ ಬಾರದಿದ್ದರೂ ಮುಂದಿನ ವರ್ಗಕ್ಕೆ ತೊಂದರೆಯಿಲ್ಲ. ಮೊದಲು ಐದು ಮತ್ತು ಎಂಟನೇ ಇಯತ್ತೆಗೆ ಇದ್ದ ಅದನ್ನು ನಾಲ್ಕು ಮತ್ತು ಏಳನೇ ಇಯತ್ತೆಗೆ ತರಲು 2025ರಲ್ಲಿ ನಿರ್ಣಯವಾಗಿದೆ.

ಎಂಟನೇ ಇಯತ್ತೆಯ ಪರೀಕ್ಷೆಗೆ ಸಿದ್ಧತೆ ಶುರುವಾಗಬೇಕಾದದ್ದು ಆರನೇ ಇಯತ್ತೆಯ ಮೊದಲ ಪ್ರಗತಿ ಪುಸ್ತಕದಿಂದ. ಸಹಿ ಹಾಕುವ, ಇಲ್ಲವೇ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಂಡರೆ ಮಗುವಿನ ಒಂದು ವರ್ಷ ಉಳಿಯುತ್ತದೆ.